ನರ್ಸಿಂಗ್ ಹೋಂ ಮತ್ತು ವೃದ್ಧಾಶ್ರಮ: ವೆಚ್ಚ ಯಾರದು, ನಿಯಂತ್ರಣ ಯಾರದು?

ಗ್ರಾಮ ಪಂಚಾಯತ್ ಸದಸ್ಯರ ತಿಳಿವಳಿಕೆಗಾಗಿ

ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮರವಂತೆಯ ಈ ನೋಟ ನಾಡಿಗೆಲ್ಲ ಪರಿಚಿತವಾದುದು. ಇದೇ ಊರು, ಇದರ ಸುತ್ತಲಿನ ಊರುಗಳ ಇನ್ನೊಂದು ನೋಟ ಪ್ರವಾಸಿಗರ ಕಣ್ಣಿಗೆ ಬೀಳುವುದಿಲ್ಲ. ಮಕ್ಕಳು ಮುಂಬೈ, ಬೆಂಗಳೂರು ಹಾಗೂ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದು, ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇಬ್ಬರೇ, ಕೆಲವೆಡೆ ಒಬ್ಬರೇ ಉಳಿದಿರುತ್ತಾರೆ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಪ್ರತಿ 1,000 ಪುರುಷರಿಗೆ 1,094 ಮಹಿಳೆಯರಿದ್ದರು. ದುಡಿಯುವ ಗಂಡಸರು ಪರಊರು ಸೇರಿರುವುದು ಇದಕ್ಕೊಂದು ಮುಖ್ಯ ಕಾರಣ. ರಾಜ್ಯದ ಜನಸಂಖ್ಯೆಯಲ್ಲಿ 60 ವರ್ಷ ಮೀರಿದವರ ಪ್ರಮಾಣ ಅದೇ ಗಣತಿಯಲ್ಲಿ ಶೇ. 9.5ರಷ್ಟಿತ್ತು.

ಇಂತಹ ಮನೆಯ ಹಿರಿಯರು ಹಾಸಿಗೆ ಹಿಡಿದಾಗ ಕುಟುಂಬದವರು ಮೊದಲು ವಿಚಾರಿಸುವುದು ವಾರ್ಡಿನ ಸದಸ್ಯರನ್ನು. "ಎಲ್ಲಿಗೆ ಸೇರಿಸುವುದು? ಖರ್ಚಿಗೆ ಏನಾದರೂ ಯೋಜನೆ ಇದೆಯೇ? ಆ ಸಂಸ್ಥೆಯನ್ನು ನಂಬಬಹುದೇ?" ಎಂಬ ಮೂರು ಪ್ರಶ್ನೆಗಳು ಬರುತ್ತವೆ. ಅವುಗಳಿಗೆ ಸದಸ್ಯರು ಸರಿಯಾದ ಉತ್ತರ ನೀಡುವಂತಾಗಲಿ ಎಂಬುದೇ ಈ ಲೇಖನದ ಉದ್ದೇಶ. ಇದು ತಿಳಿವಳಿಕೆಯ ಬರಹವೇ ಹೊರತು ಆದೇಶವಲ್ಲ.

1. ಎರಡು ಬಗೆಯ ಸಂಸ್ಥೆಗಳು

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಹೆರಿಗೆ, ಶಸ್ತ್ರಚಿಕಿತ್ಸೆ, ಜ್ವರ, ಅಪಘಾತ ಇತ್ಯಾದಿಗಳಿಗೆ ಅಲ್ಲಿ ಚಿಕಿತ್ಸೆ ದೊರೆಯುತ್ತದೆ; ಗುಣವಾದೊಡನೆ ರೋಗಿ ಮನೆಗೆ ಹೋಗುತ್ತಾರೆ. ಅಮೆರಿಕ ಮೊದಲಾದ ದೇಶಗಳಲ್ಲಿ ಇದೇ ಹೆಸರು ಬೇರೆಯದೇ ಸಂಸ್ಥೆಗೆ ಸಲ್ಲುತ್ತದೆ. ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ವೃದ್ಧರನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರಿಸಿಕೊಂಡು ಸ್ನಾನ, ಊಟ, ಔಷಧಿ, ಶುಶ್ರೂಷೆ ನೋಡಿಕೊಳ್ಳುವ ಮನೆ ಅಲ್ಲಿನ ನರ್ಸಿಂಗ್ ಹೋಂ. ನಮ್ಮಲ್ಲಿ ಆ ಕೆಲಸವನ್ನು ವೃದ್ಧಾಶ್ರಮಗಳು, ಆರೈಕೆ ಕೇಂದ್ರಗಳು ಮತ್ತು ಮನೆಗೆ ಬರುವ ಹೋಂ ನರ್ಸ್‌ಗಳು ಹಂಚಿಕೊಂಡಿದ್ದಾರೆ.

ಮೊದಲನೆಯದು ಗುಣಪಡಿಸುವ ಸಂಸ್ಥೆ, ಎರಡನೆಯದು ಪೋಷಿಸುವ ಸಂಸ್ಥೆ. ಇವೆರಡಕ್ಕೆ ಅನ್ವಯಿಸುವ ಕಾನೂನು ಬೇರೆ, ಹಣದ ಮೂಲ ಬೇರೆ, ದೂರು ನೀಡಬೇಕಾದ ಕಚೇರಿ ಬೇರೆ. ಈ ವ್ಯತ್ಯಾಸವನ್ನು ಅರಿಯದಿರುವುದರಿಂದಲೇ ಅನೇಕ ಕುಟುಂಬಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತವೆ.

2. ನರ್ಸಿಂಗ್ ಹೋಂಗಳ ನಿಯಂತ್ರಣ

ಕರ್ನಾಟಕದಲ್ಲಿ ಇದಕ್ಕಾಗಿ 1976ರಲ್ಲಿಯೇ ಖಾಸಗಿ ನರ್ಸಿಂಗ್ ಹೋಂಗಳ ನಿಯಂತ್ರಣ ಅಧಿನಿಯಮ ರಚನೆಯಾಗಿತ್ತು. ಅದರ ಸ್ಥಾನದಲ್ಲಿ ಈಗಿರುವುದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007. ಆಡುಮಾತಿನಲ್ಲಿ ಇದನ್ನು ಕೆ.ಪಿ.ಎಂ.ಇ. ಕಾಯ್ದೆ ಎನ್ನುತ್ತಾರೆ. 2017ರ ನವೆಂಬರ್‌ನಲ್ಲಿ ಖಾಸಗಿ ವೈದ್ಯರ ಮುಷ್ಕರ, ಬೆಳಗಾವಿ ಅಧಿವೇಶನದ ಚರ್ಚೆಗಳ ನಡುವೆ ಇದಕ್ಕೆ ಮಹತ್ವದ ತಿದ್ದುಪಡಿಯಾಯಿತು. ಇದರಲ್ಲಿ ಸದಸ್ಯರು ನೆನಪಿಡಬೇಕಾದ ಅಂಶಗಳು ಇವು:

ಅ) ನೋಂದಣಿ ಇಲ್ಲದೆ ಯಾವುದೇ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಂ, ಕ್ಲಿನಿಕ್, ಲ್ಯಾಬ್, ಸ್ಕ್ಯಾನಿಂಗ್ ಕೇಂದ್ರವನ್ನು ನಡೆಸುವಂತಿಲ್ಲ. ನೋಂದಣಿಯ ಅವಧಿ ಐದು ವರ್ಷ. ಹಾಗೆ ನಡೆಸುವುದು ಶಿಕ್ಷಾರ್ಹ ಅಪರಾಧ.

ಆ) ನೋಂದಣಿ ಮಾಡುವುದು ಜಿಲ್ಲಾ ಮಟ್ಟದ ಪ್ರಾಧಿಕಾರ. ಜಿಲ್ಲಾಧಿಕಾರಿಯವರು ಅಧ್ಯಕ್ಷರು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರು ಸದಸ್ಯ ಕಾರ್ಯದರ್ಶಿ. ತಿದ್ದುಪಡಿಯ ನಂತರ ರೋಗಿಗಳ ದೂರುಗಳನ್ನು ಆಲಿಸುವುದೂ ಇದೇ ಪ್ರಾಧಿಕಾರ.

ಇ) ಚಿಕಿತ್ಸೆಗಳ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು.

ಈ) ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಹಣಕ್ಕಾಗಿ ಒತ್ತಾಯಿಸದೆ ಪ್ರಥಮ ಚಿಕಿತ್ಸೆ ಹಾಗೂ ಜೀವರಕ್ಷಕ ಚಿಕಿತ್ಸೆ ನೀಡಬೇಕು. ರೋಗಿ ಮೃತಪಟ್ಟಲ್ಲಿ, ಬಾಕಿ ಹಣದ ಕಾರಣ ನೀಡಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ; ಬಾಕಿಯನ್ನು ನಂತರ ವಸೂಲಿ ಮಾಡಿಕೊಳ್ಳಬಹುದು.

ಇದಲ್ಲದೆ, ಹಾಸಿಗೆಗಳ ಸಂಖ್ಯೆ ಎಷ್ಟೇ ಇರಲಿ, ಪ್ರತಿಯೊಂದು ಚಿಕಿತ್ಸಾ ಸಂಸ್ಥೆಯೂ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಪಡೆದಿರಬೇಕು. ರಕ್ತಸಿಕ್ತ ಹತ್ತಿಯಂತಹ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳಬಾರದು. ಪಂಚಾಯತ್‌ನ ಕಸದ ವಾಹನಕ್ಕೆ ಅದನ್ನು ಹಾಕುವುದು ನಿಯಮಬಾಹಿರ; ಕಸ ವಿಂಗಡಿಸುವ ನಮ್ಮ ಸಿಬ್ಬಂದಿಯ ಜೀವಕ್ಕೂ ಅಪಾಯ.

ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಸೇವೆಯೇ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪು ನೀಡಿದೆ. ಸೇವೆಯಲ್ಲಿ ನ್ಯೂನತೆ ಕಂಡುಬಂದಲ್ಲಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗವನ್ನು ಸಂಪರ್ಕಿಸಬಹುದು.

3. ವೃದ್ಧಾಶ್ರಮಗಳ ನಿಯಂತ್ರಣ

ಇಲ್ಲಿ ಚಿತ್ರ ಬೇರೆಯಾಗಿದೆ. ಹಿರಿಯರ ಕುರಿತ ಮೂಲ ಕಾನೂನು ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಒಂದು ವೃದ್ಧಾಶ್ರಮವನ್ನಾದರೂ ರಾಜ್ಯ ಸರ್ಕಾರಗಳು ಸ್ಥಾಪಿಸಬಹುದು ಎಂದು ಅದರ 19ನೇ ಪ್ರಕರಣ ಹೇಳುತ್ತದೆ. ಆದರೆ ಖಾಸಗಿಯವರು ನಡೆಸುವ ವೃದ್ಧಾಶ್ರಮಗಳಲ್ಲಿ ಎಷ್ಟು ಸಿಬ್ಬಂದಿ ಇರಬೇಕು, ಕೊಠಡಿ ಎಷ್ಟು ದೊಡ್ಡದಿರಬೇಕು, ಎಷ್ಟು ಶುಲ್ಕ ಪಡೆಯಬಹುದು ಎಂಬುದನ್ನು ಆ ಅಧಿನಿಯಮ ವಿವರಿಸಿಲ್ಲ. ವೃದ್ಧಾಶ್ರಮಗಳಿಗೂ ಮನೆ ಆರೈಕೆ ಸಂಸ್ಥೆಗಳಿಗೂ ನೋಂದಣಿ, ಕನಿಷ್ಠ ಮಾನದಂಡ ವಿಧಿಸುವ ತಿದ್ದುಪಡಿ ಮಸೂದೆಯನ್ನು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಗಿತ್ತು. ಅದು ಅಂಗೀಕಾರವಾಗುವ ಮೊದಲೇ 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾದುದರಿಂದ ಮಸೂದೆ ಬಿದ್ದುಹೋಯಿತು.

ಹಾಗೆಂದು ವೃದ್ಧಾಶ್ರಮ ಯಾವ ಕಾನೂನಿಗೂ ಒಳಪಡುವುದಿಲ್ಲ ಎಂದು ತಿಳಿಯಬಾರದು. ಅಲ್ಲಿ ರೋಗಿಗಳನ್ನು ದಾಖಲಿಸಿಕೊಂಡು ವೈದ್ಯಕೀಯ ಚಿಕಿತ್ಸೆ ನೀಡುತ್ತಿದ್ದಲ್ಲಿ ಕೆ.ಪಿ.ಎಂ.ಇ. ನೋಂದಣಿಯ ಪ್ರಶ್ನೆ ಬರುತ್ತದೆ. ಮಾನಸಿಕ ಅಸ್ವಸ್ಥರನ್ನು ಇರಿಸಿಕೊಂಡು ಆರೈಕೆ ಮಾಡುತ್ತಿದ್ದಲ್ಲಿ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರಂತೆ ನೋಂದಣಿ ಅಗತ್ಯ. ಸರ್ಕಾರದ ಅನುದಾನ ಪಡೆಯುವ ಆಶ್ರಮಗಳು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ತಪಾಸಣೆಗೆ ಒಳಪಟ್ಟಿರುತ್ತವೆ. ಯಾವುದೇ ಆಶ್ರಮದ ಸ್ಥಿತಿಗತಿಯ ಬಗ್ಗೆ ಸಂದೇಹ ಬಂದಲ್ಲಿ ಮೊದಲು ವಿಚಾರಿಸಬೇಕಾದುದು ಈ ಇಲಾಖೆಯ ಜಿಲ್ಲಾ ಕಚೇರಿಯನ್ನು.

ಹೋಂ ನರ್ಸ್‌ಗಳ ವಿಷಯದಲ್ಲಿ ಒಂದು ಮಾತು. ಈ ಹೆಸರಿನಲ್ಲಿ ಮನೆಗೆ ಬರುವವರೆಲ್ಲರೂ ನರ್ಸಿಂಗ್ ಶಿಕ್ಷಣ ಪಡೆದವರಲ್ಲ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು ಅನುಭವಿ ಆರೈಕೆದಾರರಿಂದ ಆಗುವ ಕೆಲಸ. ಇಂಜೆಕ್ಷನ್, ಮೂಗಿನ ನಳಿಕೆ, ಗಾಯದ ಡ್ರೆಸ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿತರಾದವರು ಬೇಕು. ಎಷ್ಟು ಕೌಶಲ ಬೇಕಾಗಿದೆ ಎಂಬುದನ್ನು ತಿಳಿದು ಕರೆಸಿಕೊಳ್ಳುವಂತೆ ಕುಟುಂಬಗಳಿಗೆ ತಿಳಿಸಬೇಕು.

4. ಹಣ ಎಲ್ಲಿಂದ ಬರುತ್ತದೆ?

ನರ್ಸಿಂಗ್ ಹೋಂನ ಆದಾಯ ಬರುವುದು ಶಸ್ತ್ರಚಿಕಿತ್ಸೆ, ಪರೀಕ್ಷೆ, ಔಷಧಿ ಹಾಗೂ ಹಾಸಿಗೆ ಬಾಡಿಗೆಯಿಂದ. ಅದನ್ನು ಕುಟುಂಬ ತನ್ನ ಕೈಯಿಂದ ಭರಿಸುತ್ತದೆ, ಇಲ್ಲವೇ ವಿಮೆ ಭರಿಸುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗಿನ ಚಿಕಿತ್ಸೆ ನಿಗದಿತ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಹಾಸಿಗೆ ಬೇಗ ತೆರವಾಗಿ ಹೊಸ ರೋಗಿ ಬಂದಂತೆ ಆಸ್ಪತ್ರೆಯ ವ್ಯವಹಾರ ನಡೆಯುತ್ತದೆ. ಆದ್ದರಿಂದ ಚಿಕಿತ್ಸೆ ಮುಗಿದರೂ ಎದ್ದು ನಡೆಯಲಾಗದ ಅಜ್ಜಿಯನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳಲು ಸಣ್ಣ ಆಸ್ಪತ್ರೆಗೆ ಆಗದು. ಅಷ್ಟು ದಿನದ ಬಾಡಿಗೆ ಕೊಡಲು ಕುಟುಂಬಕ್ಕೂ ಆಗದು.

ವೃದ್ಧಾಶ್ರಮಕ್ಕೆ ಹಣದ ಮೂಲ ಮೂರು: ನಿವಾಸಿಗಳ ಶುಲ್ಕ, ದಾನಿಗಳ ನೆರವು, ಸರ್ಕಾರದ ಅನುದಾನ. ಕೇಂದ್ರದ ಹಿರಿಯ ನಾಗರಿಕರ ಸಮಗ್ರ ಕಾರ್ಯಕ್ರಮದಲ್ಲಿ 25 ಮಂದಿ ನಿರ್ಗತಿಕ ಹಿರಿಯರ ಆಶ್ರಮಗಳನ್ನು ನಡೆಸಲು ಸ್ವಯಂಸೇವಾ ಸಂಸ್ಥೆಗಳಿಗೆ ನೆರವು ಲಭ್ಯವಿದೆ. ದತ್ತಿ ಸಂಸ್ಥೆಯಾಗಿ ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತವಾದ ಆಶ್ರಮವು 60 ವರ್ಷ ಮೀರಿದ ನಿವಾಸಿಯಿಂದ ಊಟ, ವಸತಿ, ನಿರ್ವಹಣೆ ಸೇರಿ ತಿಂಗಳಿಗೆ ₹25,000ದವರೆಗೆ ಪಡೆಯುವ ಶುಲ್ಕಕ್ಕೆ ಜಿ.ಎಸ್‌.ಟಿ. ವಿನಾಯಿತಿ ನೀಡಲಾಗಿದೆ.

ಆಶ್ರಮದ ಖರ್ಚಿನಲ್ಲಿ ಬಹುಪಾಲು ಸಿಬ್ಬಂದಿಯ ವೇತನ. ಒಂದು ಲೆಕ್ಕ ನೋಡೋಣ. ಹಾಸಿಗೆ ಹಿಡಿದ 12 ಮಂದಿಗೆ ಹಗಲಿರುಳು ಒಬ್ಬ ಆರೈಕೆದಾರರಾದರೂ ಇರಬೇಕೆಂದರೆ ದಿನಕ್ಕೆ ಮೂರು ಪಾಳಿ, ವಾರಕ್ಕೆ 21 ಪಾಳಿ. ವಾರಕ್ಕೊಂದು ರಜೆ ಕೊಟ್ಟರೆ ಒಬ್ಬರು ಮಾಡುವುದು ಆರು ಪಾಳಿ. ಅಂದರೆ ನಾಲ್ಕು ಮಂದಿ ಬೇಕು. ಲೆಕ್ಕಕ್ಕಾಗಿ ತಿಂಗಳ ವೇತನ ₹15,000 ಎಂದಿಟ್ಟುಕೊಂಡರೆ ₹60,000. ಒಬ್ಬ ಹಿರಿಯರ ಪಾಲಿಗೆ ₹5,000. ಊಟ, ಬಾಡಿಗೆ, ಔಷಧಿ, ವಿದ್ಯುತ್, ಬಟ್ಟೆ ಒಗೆತ, ಡಯಾಪರ್ ಎಲ್ಲವೂ ಇದರ ಮೇಲೆ. ಆದ್ದರಿಂದ ಅತಿ ಕಡಿಮೆ ಶುಲ್ಕ ಹೇಳುವ ಆಶ್ರಮದ ಹಿಂದೆ ಒಂದೋ ಗಟ್ಟಿಯಾದ ದಾನಿಗಳಿರಬೇಕು, ಇಲ್ಲವೇ ಸಿಬ್ಬಂದಿ ಕಡಿಮೆ ಇರಬೇಕು. "ರಾತ್ರಿ ಹೊತ್ತು ಎಷ್ಟು ಜನ ಇರುತ್ತಾರೆ?" ಎಂಬ ಒಂದು ಪ್ರಶ್ನೆಯಿಂದ ಆಶ್ರಮದ ನಿಜಸ್ಥಿತಿ ಬಹುಮಟ್ಟಿಗೆ ತಿಳಿಯುತ್ತದೆ.

5. ನಡುವಿನ ಕಂದಕ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ಊರಿನ 74 ವರ್ಷದ ವಿಧವೆಯೊಬ್ಬರು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಯೋಜನೆ ಭರಿಸಿತು. ಹತ್ತು ದಿನಗಳ ಬಳಿಕ ಮನೆಗೆ ಕಳುಹಿಸಿದರು. ಮಗ ಮುಂಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ. ಇನ್ನು ಆರು ತಿಂಗಳು ಅವರನ್ನು ಎಬ್ಬಿಸಿ, ಕೂರಿಸಿ, ನಡೆಸುವವರು ಯಾರು?

ಆಸ್ಪತ್ರೆಯ ಯೋಜನೆ ಚಿಕಿತ್ಸೆಯೊಂದಿಗೆ ಮುಗಿಯಿತು. ಆರೈಕೆಗೆ ಅದು ಹಣ ನೀಡುವುದಿಲ್ಲ. 65 ವರ್ಷ ಮೀರಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ದೊರೆಯುವುದು ತಿಂಗಳಿಗೆ ₹1,200. ಆಶ್ರಮದ ಶುಲ್ಕ ₹15,000 ಎಂದು ಹಿಡಿದರೆ ವರ್ಷಕ್ಕೆ ₹1,80,000. ಪಿಂಚಣಿ ವರ್ಷಕ್ಕೆ ₹14,400. ಉಳಿದ ₹1,65,600 ಮಕ್ಕಳ ದುಡಿಮೆಯಿಂದ, ಇಲ್ಲವೇ ಜಾಗ ಮಾರಿ ಬರಬೇಕು. ಚಿಕಿತ್ಸೆಗೆ ಹಣ ಹೊಂದಿಸಿದ ವ್ಯವಸ್ಥೆ ಆರೈಕೆಗೆ ಹೊಂದಿಸಿಲ್ಲ. ಚಿಕಿತ್ಸೆಗೆ ಇರುವಷ್ಟು ನಿಯಂತ್ರಣವೂ ಆರೈಕೆಗೆ ಇಲ್ಲ. ಹಿರಿಯರು ಬೀಳುವುದು ಈ ಕಂದಕದಲ್ಲಿ.

ಬೇರೆ ದೇಶಗಳೂ ಈ ಸಮಸ್ಯೆಯನ್ನು ಎದುರಿಸಿವೆ. ಜರ್ಮನಿ 1995ರಲ್ಲಿ, ಜಪಾನ್ 2000ದ ಏಪ್ರಿಲ್‌ನಲ್ಲಿ ದೀರ್ಘಾವಧಿ ಆರೈಕೆಗಾಗಿಯೇ ಕಡ್ಡಾಯ ವಿಮೆ ಜಾರಿಗೊಳಿಸಿದವು. ಜಪಾನಿನಲ್ಲಿ 40 ವರ್ಷ ದಾಟಿದವರು ವಂತಿಗೆ ಕಟ್ಟುತ್ತಾರೆ. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ನರ್ಸಿಂಗ್ ಹೋಂಗಳು 1987ರ ಸುಧಾರಣಾ ಕಾನೂನಿನ ಮಾನದಂಡಗಳನ್ನು ಪಾಲಿಸಿ ತಪಾಸಣೆಗೆ ಒಳಪಡಬೇಕು. ನಮಗೆ ಹೆಚ್ಚು ಹತ್ತಿರದ ಮಾದರಿ ನೆರೆಯ ಕೇರಳದ್ದು. 2008ರ ಉಪಶಾಮಕ ಆರೈಕೆ ನೀತಿಯ ನಂತರ ಅಲ್ಲಿನ ಸ್ಥಳೀಯ ಸಂಸ್ಥೆಗಳ ನೆರವಿನಿಂದ ನರ್ಸ್ ಒಬ್ಬರು ಹಾಸಿಗೆ ಹಿಡಿದವರ ಮನೆಮನೆಗೆ ಭೇಟಿ ನೀಡುತ್ತಾರೆ. ಕಟ್ಟಡ ಕಟ್ಟದೆಯೂ ಆರೈಕೆ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಜಿಲ್ಲೆಯಲ್ಲಿಯೂ ಗುಣವಾಗದ ಕಾಯಿಲೆಯವರ ನೋವು ಶಮನಕ್ಕಾಗಿ ಬ್ರಹ್ಮಾವರ ತಾಲ್ಲೂಕಿನ ಹಾವಂಜೆಯಲ್ಲಿ ಮಣಿಪಾಲದ ಸಂಸ್ಥೆಯ ಆರೈಕೆ ಕೇಂದ್ರವಿದೆ.

6. ಜಾಗ ಬರೆದುಕೊಡುವ ಮುನ್ನ

ಆರೈಕೆಯ ಭರವಸೆಯ ಮೇಲೆ ಮನೆ, ಜಾಗವನ್ನು ಮಕ್ಕಳಿಗೋ ಸಂಬಂಧಿಕರಿಗೋ ದಾನಪತ್ರ ಮಾಡಿಕೊಟ್ಟು ಬಳಿಕ ಬೀದಿಗೆ ಬಿದ್ದ ಹಿರಿಯರ ಕಥೆ ನಮಗೆ ಅಪರಿಚಿತವಲ್ಲ. 2007ರ ಹಿರಿಯ ನಾಗರಿಕರ ಅಧಿನಿಯಮದ 23ನೇ ಪ್ರಕರಣದಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮಾಡಿದ ವರ್ಗಾವಣೆಯನ್ನು, ಆ ಷರತ್ತು ಈಡೇರದಿದ್ದಲ್ಲಿ ನ್ಯಾಯಮಂಡಳಿಯು ಅನೂರ್ಜಿತಗೊಳಿಸಬಹುದು. ಷರತ್ತು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆದಿದ್ದರೆ ಹಿರಿಯರ ಹಕ್ಕು ಗಟ್ಟಿಯಾಗುತ್ತದೆ. ಬಾಯಿಮಾತಿನ ಭರವಸೆಯನ್ನು ರುಜುವಾತುಪಡಿಸುವುದು ಕಷ್ಟ. ನೋಂದಣಿಗೆ ಹೊರಟ ಹಿರಿಯರಿಗೆ ಈ ಒಂದು ವಾಕ್ಯವನ್ನು ತಿಳಿಸುವುದು ಸದಸ್ಯರು ಮಾಡಬಹುದಾದ ದೊಡ್ಡ ಉಪಕಾರ.

ಪೋಷಣೆಗಾಗಿ ಅರ್ಜಿ ಸಲ್ಲಿಸಬೇಕಾದುದು ಕುಂದಾಪುರ ಉಪವಿಭಾಗದ ಸಹಾಯಕ ಆಯುಕ್ತರ ನೇತೃತ್ವದ ನ್ಯಾಯಮಂಡಳಿಗೆ. ತಿಂಗಳಿಗೆ ಗರಿಷ್ಠ ₹10,000ದವರೆಗೆ ಜೀವನಾಂಶ ಆದೇಶಿಸಲು ಅಧಿನಿಯಮದಲ್ಲಿ ಅವಕಾಶವಿದೆ. ನೋಟಿಸ್ ತಲುಪಿದ 90 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂಬ ನಿಯಮವಿದೆ. ಹಿರಿಯರಿಗೆ ಸ್ವತಃ ಹೋಗಲಾಗದಿದ್ದಲ್ಲಿ ಅವರು ಅಧಿಕಾರ ನೀಡಿದ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಸಲ್ಲಿಸಬಹುದು. ಮಕ್ಕಳಿಲ್ಲದವರನ್ನು ಅವರ ಆಸ್ತಿ ಅನುಭವಿಸುತ್ತಿರುವ, ಇಲ್ಲವೇ ಮುಂದೆ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರು ಪೋಷಿಸಬೇಕು. ಹಿರಿಯರನ್ನು ಉದ್ದೇಶಪೂರ್ವಕವಾಗಿ ತೊರೆದುಬಿಡುವುದು ಮೂರು ತಿಂಗಳವರೆಗಿನ ಕಾರಾಗೃಹ ಶಿಕ್ಷೆಗೆ ಗುರಿಯಾಗುವ ಅಪರಾಧ.

7. ಗ್ರಾಮ ಪಂಚಾಯತ್ ಏನು ಮಾಡಬಹುದು?

ಆಸ್ಪತ್ರೆಗೆ ನೋಂದಣಿ ಕೊಡುವ ಅಧಿಕಾರವಾಗಲಿ, ಚಿಕಿತ್ಸೆಯ ಗುಣಮಟ್ಟ ಅಳೆಯುವ ಅಧಿಕಾರವಾಗಲಿ ಪಂಚಾಯತ್‌ಗೆ ಇಲ್ಲ. ಆ ಹೆಸರಿನಲ್ಲಿ ಸಂಸ್ಥೆಯೊಳಗೆ ಹೋಗಿ ದಾಖಲೆ ಕೇಳುವುದು ಸರಿಯಲ್ಲ. ಆದರೆ ಪಂಚಾಯತ್‌ನ ಕೈಯಲ್ಲಿಯೇ ಇರುವ ಕೆಲಸಗಳು ಕಡಿಮೆಯೇನಲ್ಲ.

ಅ) ಕಟ್ಟಡ ಪರವಾನಗಿ: ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದಡಿ ಕಟ್ಟಡಕ್ಕೆ ಅನುಮತಿ ನೀಡುವಾಗ ಭೂಪರಿವರ್ತನೆಯ ದಾಖಲೆ, ಕಟ್ಟಡದ ಉಪಯೋಗದ ಉದ್ದೇಶ ಇವುಗಳನ್ನು ನೋಡಬೇಕು. ವಾಸದ ಮನೆಯೆಂದು ಅನುಮತಿ ಪಡೆದು ಅಲ್ಲಿ ಆರೈಕೆ ಕೇಂದ್ರ ನಡೆಸುತ್ತಿದ್ದಲ್ಲಿ ದಾಖಲೆ ಸರಿಪಡಿಸುವಂತೆ ಲಿಖಿತವಾಗಿ ತಿಳಿಸಬೇಕು. ಮರವಂತೆಯಂತಹ ಕಡಲು, ಉಬ್ಬರವಿಳಿತದ ನದಿ ಎರಡೂ ಇರುವ ಗ್ರಾಮಗಳಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮಗಳನ್ನೂ ಗಮನಿಸಬೇಕು. ನಡೆಯಲಾರದವರು ವಾಸಿಸುವ ಕಟ್ಟಡ ಮಳೆಗಾಲದ ನೆರೆಗೆ ಸಿಲುಕುವ ಜಾಗದಲ್ಲಿದ್ದರೆ ಅಪಾಯ ಇಮ್ಮಡಿ.

ಆ) ಪಟ್ಟಿ: ವ್ಯಾಪ್ತಿಯಲ್ಲಿರುವ ಆಸ್ಪತ್ರೆ, ಕ್ಲಿನಿಕ್, ವೃದ್ಧಾಶ್ರಮ, ಹೋಂ ನರ್ಸ್ ಸಂಸ್ಥೆಗಳ ಒಂದು ಪಟ್ಟಿ ಪಂಚಾಯತ್ ಕಚೇರಿಯಲ್ಲಿರಲಿ. ನೋಂದಣಿ ಪ್ರಮಾಣಪತ್ರ ಪ್ರದರ್ಶಿಸದ ಚಿಕಿತ್ಸಾ ಸಂಸ್ಥೆ ಕಂಡುಬಂದಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯವರಿಗೆ ಪತ್ರ ಬರೆಯಬಹುದು.

ಇ) ಒಂಟಿ ಹಿರಿಯರ ಗಣತಿ: ಆಶಾ ಕಾರ್ಯಕರ್ತೆಯರು ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ಒಂಟಿಯಾಗಿರುವ, ಹಾಸಿಗೆ ಹಿಡಿದಿರುವ ಹಿರಿಯರನ್ನು ಗುರುತಿಸಬಹುದು. ಅವರ ಪಿಂಚಣಿ, ಆರೋಗ್ಯ ಕಾರ್ಡ್, ಮಕ್ಕಳ ದೂರವಾಣಿ ಸಂಖ್ಯೆ ಸರಿಯಾಗಿದೆಯೇ ಎಂದು ಸಾಮಾಜಿಕ ನ್ಯಾಯ ಸಮಿತಿ ನಿಯತವಾಗಿ ಪರಿಶೀಲಿಸಲಿ. ಈ ವಿವರಗಳು ಗೋಪ್ಯವಾಗಿರಬೇಕು. ಒಂಟಿ ಮನೆಗಳ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕುವಂತಹುದಲ್ಲ.

ಈ) ಗ್ರಾಮ ಸಭೆ: ವರ್ಷದಲ್ಲಿ ಒಂದು ಗ್ರಾಮ ಸಭೆಯಲ್ಲಾದರೂ ಹಿರಿಯರ ಆರೈಕೆಯನ್ನು ವಿಷಯವಾಗಿ ಎತ್ತಿಕೊಳ್ಳಬಹುದು. ಪುಟ್ಟ ಮಕ್ಕಳಿಗಾಗಿ ಕೂಸಿನ ಮನೆ ನಡೆಸುವ ಪಂಚಾಯತ್‌ಗಳಿಗೆ ಹಿರಿಯರ ಹಗಲು ಯೋಗಕ್ಷೇಮ ಕೇಂದ್ರದ ಕಲ್ಪನೆ ಹೊಸದಾಗಿ ಕಾಣಲಾರದು. ಅಂತಹ ಬೇಡಿಕೆ ಇದ್ದಲ್ಲಿ ನಿರ್ಣಯ ಮಾಡಿ ಹಿರಿಯ ನಾಗರಿಕರ ಇಲಾಖೆಗೆ ಕಳುಹಿಸಬಹುದು.

8. ಕುಟುಂಬಗಳು ಆಶ್ರಮದಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಸಂಸ್ಥೆ ಯಾವ ಕಾನೂನಿನಡಿ, ಯಾರ ಹೆಸರಿನಲ್ಲಿ ನೋಂದಾಯಿತವಾಗಿದೆ?
2. ತಿಂಗಳ ಶುಲ್ಕದಲ್ಲಿ ಯಾವುದು ಸೇರಿದೆ, ಯಾವುದಕ್ಕೆ ಪ್ರತ್ಯೇಕ ಹಣ? ರಶೀದಿ ಕೊಡುತ್ತಾರೆಯೇ?
3. ಠೇವಣಿ ಇದ್ದರೆ, ಹಿರಿಯರು ಹೊರಬಂದಾಗ ಅಥವಾ ತೀರಿಕೊಂಡಾಗ ಎಷ್ಟು ದಿನಗಳಲ್ಲಿ ಮರಳಿಸುತ್ತಾರೆ? ಕರಾರಿನಲ್ಲಿ ಬರೆದಿದೆಯೇ?
4. ರಾತ್ರಿ ಎಷ್ಟು ಸಿಬ್ಬಂದಿ? ಅವರಲ್ಲಿ ತರಬೇತಿ ಪಡೆದ ನರ್ಸ್ ಎಷ್ಟು?
5. ತುರ್ತು ಸಂದರ್ಭದಲ್ಲಿ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ ಕರೆದೊಯ್ಯುತ್ತಾರೆ?
6. ಮುನ್ಸೂಚನೆ ನೀಡದೆ ಭೇಟಿಗೆ ಬರಬಹುದೇ?

ಕೊನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದಲ್ಲಿ ಕುಟುಂಬ ಇನ್ನೊಮ್ಮೆ ಯೋಚಿಸುವುದು ಒಳಿತು.

ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಉಚಿತವಾಗಿದ್ದು, ಮಾಹಿತಿ, ಸಲಹೆ ಹಾಗೂ ದೂರುಗಳಿಗೆ ಬಳಸಬಹುದು. ಈ ಸಂಖ್ಯೆಯನ್ನು ಪಂಚಾಯತ್ ಕಚೇರಿ, ಹಾಲು ಡೇರಿ, ನ್ಯಾಯಬೆಲೆ ಅಂಗಡಿ ಹಾಗೂ ಬಸ್ ತಂಗುದಾಣಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಲು ಹೆಚ್ಚು ವೆಚ್ಚವಾಗದು.

ಮಾನ್ಯ ಸದಸ್ಯರೇ, ಆರೈಕೆಗೆ ಹಣ ಒದಗಿಸುವ ದೊಡ್ಡ ಯೋಜನೆ ಸರ್ಕಾರದ ಮಟ್ಟದಲ್ಲಿ ಆಗಬೇಕಾದುದು. ಆದರೆ ಯಾವ ಮನೆಯಲ್ಲಿ ಯಾವ ಅಜ್ಜಿ ಒಬ್ಬರೇ ಇದ್ದಾರೆ, ಯಾವ ಅಜ್ಜನ ಪಿಂಚಣಿ ಎರಡು ತಿಂಗಳಿನಿಂದ ಬಂದಿಲ್ಲ ಎಂಬುದು ಜಿಲ್ಲಾ ಕೇಂದ್ರಕ್ಕೆ ತಿಳಿಯುವ ಮೊದಲು ತಿಳಿಯುವುದು ತಮಗೆ. ಮುಂದಿನ ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲಿ ತಮ್ಮ ವಾರ್ಡಿನ ಒಂಟಿ ಹಿರಿಯರ ಹೆಸರುಗಳನ್ನು ಬರೆದುಕೊಳ್ಳುವುದರಿಂದ ಈ ಕೆಲಸವನ್ನು ಆರಂಭಿಸಬಹುದು.